ಪುಲಿಗೆರೆಯ ನಾಲಿಗೆ, ಯಂತ್ರದ ಕಿವಿ

ಗೂಗಲ್ ಸಂಸ್ಥೆ ತನ್ನ ಮಾತು ಕೇಳಿ ಬರೆಯುವ ಸೌಲಭ್ಯಕ್ಕೆ ಕನ್ನಡವನ್ನು ಸೇರಿಸಿದ್ದು 2017ರ ಆಗಸ್ಟಿನಲ್ಲಿ. ಅಲ್ಲಿಂದೀಚೆಗೆ ನಮ್ಮಲ್ಲಿ ಹೊಸ ಬಗೆಯ ನಗೆಹನಿಯೊಂದು ಓಡಾಡುತ್ತಿದೆ. ಗದಗ ಕಡೆಯ ಒಬ್ಬ ಮನುಷ್ಯ ಫೋನನ್ನು ಬಾಯಿಯ ಹತ್ತಿರ ಹಿಡಿದು ‘ಉಳ್ಳಾಗಡ್ಡಿ ರೇಟ್ ಎಷ್ಟೈತಿ’ ಎಂದು ಕೇಳುತ್ತಾನೆ. ಫೋನು ಸಂಬಂಧವೇ ಇಲ್ಲದ ಇನ್ನೇನನ್ನೋ ಬರೆದು ತೋರಿಸುತ್ತದೆ. ಅವನು ದನಿ ಏರಿಸಿ ಮತ್ತೆ ಕೇಳುತ್ತಾನೆ, ಅದು ಮತ್ತೆ ತಪ್ಪುತ್ತದೆ, ನೋಡುವವರು ನಗುತ್ತಾರೆ. ಊರಿನ ಹೆಸರು ಬದಲಾದೀತು, ಮುಂಡರಗಿ ಇದ್ದಲ್ಲಿ ಜಮಖಂಡಿ ಬಂದೀತು. ನಗೆ ಮಾತ್ರ ಪ್ರತಿ ಸಲವೂ ಮಾತಾಡಿದವನ ಮೇಲೆಯೇ ಬೀಳುತ್ತದೆ. ಆ ನಗೆಯ ಕೆಳಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿದೆ: ಯಂತ್ರದ ಜೊತೆ ಮಾತಾಡುವಾಗ ಶುದ್ಧ ಕನ್ನಡದಲ್ಲಿ ಮಾತಾಡಬೇಕು, ಹಳ್ಳಿಯ ಮಾತು ಅದಕ್ಕೆ ತಿಳಿಯದಿದ್ದರೆ ತಪ್ಪು ಹಳ್ಳಿಯದು. ಮೊಬೈಲ್ ಅಂಗಡಿಯಲ್ಲಿ ಈ ಮಾತು ಕೇಳುತ್ತದೆ, ಶಾಲೆಯಲ್ಲಿ ಕೇಳುತ್ತದೆ, ಇಂಜಿನಿಯರಿಂಗ್ ಓದಿದ ಮಕ್ಕಳು ಮನೆಯ ಹಿರಿಯರಿಗೆ ಇದನ್ನೇ ಹೇಳಿಕೊಡುತ್ತಾರೆ. ಹೇಳುವವರಲ್ಲಿ ಕೆಡುಕಿನ ಉದ್ದೇಶವೇನೂ ಇಲ್ಲ, ಇದು ಬರೀ ವ್ಯವಹಾರಜ್ಞಾನ ಎಂದು ಅವರು ನಂಬಿದ್ದಾರೆ. ನಾನು ಇದನ್ನು ಪೂರ್ತಿಯಾಗಿ ಅಲ್ಲಗಳೆಯುತ್ತೇನೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜನ ಆಡುವ ಕನ್ನಡದಲ್ಲಿ ಯಂತ್ರಕ್ಕಾಗಿ ತಿದ್ದಬೇಕಾದ ದೋಷ ಯಾವುದೂ ಇಲ್ಲ. ತಿದ್ದಿಕೊಳ್ಳಬೇಕಾದದ್ದು ಯಂತ್ರ.

ನಗೆಯ ಮಾತು ಬಂದದ್ದರಿಂದ ಅಲ್ಲಿಂದಲೇ ಹೊರಡೋಣ, ಏಕೆಂದರೆ ಹೊಸ ತಂತ್ರಜ್ಞಾನದ ಬಗ್ಗೆ ಒಂದು ಸಮಾಜ ಏನು ನಂಬಿದೆ ಎಂಬುದು ಅದರ ಗಂಭೀರ ಭಾಷಣಗಳಿಗಿಂತ ನಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2010ರಲ್ಲಿ ಬಿಬಿಸಿ ಸ್ಕಾಟ್ಲೆಂಡ್ ‘ಬರ್ನಿಸ್ಟೌನ್’ ಎಂಬ ಹಾಸ್ಯ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಅದರ ಒಂದು ಪ್ರಸಂಗದಲ್ಲಿ ಇಬ್ಬರು ಸ್ಕಾಟ್ ಗಂಡಸರು ಗುಂಡಿಗಳೇ ಇಲ್ಲದ, ಮಾತಿನಿಂದ ನಡೆಯುವ ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾರೆ. ‘ಇಲೆವೆನ್’ ಎಂದು ಅವರು ಎಷ್ಟು ಸಲ ಕೂಗಿದರೂ ಲಿಫ್ಟಿಗೆ ಅವರ ಉಚ್ಚಾರ ಹತ್ತುವುದಿಲ್ಲ. ಆ ಪ್ರಸಂಗ ಜಗತ್ತನ್ನೆಲ್ಲ ಸುತ್ತಿತು. ಅಲ್ಲಿ ಜನ ನಕ್ಕದ್ದು ಲಿಫ್ಟನ್ನು ನೋಡಿ. ಸ್ಕಾಟ್ಲೆಂಡಿನಲ್ಲಿ ಸ್ಕಾಟರ ಮಾತು ತಿಳಿಯದ ಲಿಫ್ಟನ್ನು ಕೂಡಿಸಿದವರು ಯಾರು ಎಂಬ ಪ್ರಶ್ನೆ ಆ ನಗೆಯೊಳಗೇ ಇತ್ತು. ನಮ್ಮಲ್ಲಿ ಅದೇ ಸನ್ನಿವೇಶಕ್ಕೆ ಆ ಪ್ರಶ್ನೆಯೇ ಏಳುವುದಿಲ್ಲ. ವಿಜ್ಞಾನ ಕಥೆಗಳು ಯಂತ್ರಕ್ಕೆ ಕೊಟ್ಟ ದನಿಯಲ್ಲೂ ಇದರ ಬೇರು ಇದೆ. 1968ರಲ್ಲಿ ಸ್ಟಾನ್ಲಿ ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರ ಮಾಡಿದಾಗ ಅದರ ಕಂಪ್ಯೂಟರಿಗೆ ಕೆನಡಾದ ನಟ ಡಗ್ಲಸ್ ರೇನ್ ಅವರ, ಯಾವ ಊರಿನದೆಂದು ಗುರುತು ಹತ್ತದ, ತಣ್ಣನೆಯ ದನಿ ಕೂಡಿಸಿದ. ಬುದ್ಧಿವಂತ ಯಂತ್ರಕ್ಕೆ ಊರಿಲ್ಲ ಎಂಬ ನಂಬಿಕೆ ಅಲ್ಲಿಂದ ಎಷ್ಟೋ ಕಥೆಗಳಿಗೆ ಇಳಿದುಬಂತು. ನಮ್ಮ ಹಾಸ್ಯ ನಾಟಕ, ಕಿರುಚಿತ್ರಗಳಲ್ಲಿ ರೋಬೊ ಬಂದರೆ ಅದು ಪಠ್ಯಪುಸ್ತಕ ಓದಿದ ಹಾಗೆ ಮಾತಾಡುತ್ತದೆ, ಅದರ ಎದುರು ಪೆಚ್ಚಾಗುವ ಆಳು ಅಥವಾ ಅಡುಗೆಯವ ಉತ್ತರ ಕರ್ನಾಟಕದ ಮಾತಾಡುತ್ತಾನೆ. ಭವಿಷ್ಯಕ್ಕೆ ಒಂದು ಕನ್ನಡ, ನಗೆಪಾಟಲಿಗೆ ಇನ್ನೊಂದು ಕನ್ನಡ ಎಂದು ಹಂಚಿಟ್ಟಿದ್ದೇವೆ. ಈ ಹಂಚಿಕೆಯನ್ನು ಮಾಡಿಕೊಟ್ಟವರು ಯಾರು?

ಭಾಷೆಯ ಚರಿತ್ರೆಯಂತೂ ಮಾಡಿಕೊಟ್ಟಿಲ್ಲ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚನೆಯಾದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳ ನಡುವಣ ನಾಡನ್ನು ತೋರಿಸುತ್ತದೆ: ಕಿಸುವೊಳಲು ಅಂದರೆ ಇಂದಿನ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ, ಮತ್ತು ಬೆಳಗಾವಿ ಸೀಮೆಯ ಒಂಕುಂದ. ನಕಾಶೆ ಬಿಡಿಸಿ ನೋಡಿದರೆ ಗದಗ ಈ ನಾಲ್ಕರ ಮಡಿಲಲ್ಲೇ ಬೀಳುತ್ತದೆ. ಪುಲಿಗೆರೆಯಿಂದ ಕೊಪಣಕ್ಕೆ ಹೊರಟವನಿಗೆ ಶಿರಹಟ್ಟಿ, ಮುಂಡರಗಿಗಳ ಸೀಮೆಯೇ ಹಾದಿ. 941ರಲ್ಲಿ ಪಂಪ ತನ್ನ ಭಾರತವನ್ನು ಬರೆದು, ಅದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಇದೆ ಎಂದು ಹೆಮ್ಮೆಯಿಂದ ಹೇಳಿಕೊಂಡ. ಐದುನೂರು ವರ್ಷದ ಮೇಲೆ ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹಾಡಿದ ಭಾರತಕ್ಕೆ ಜನ ಇವತ್ತಿಗೂ ಊರಿನ ಹೆಸರನ್ನೇ ಹಚ್ಚಿ ಗದುಗಿನ ಭಾರತ ಎನ್ನುತ್ತಾರೆ. ಆಗ ಮಾದರಿಯಾಗಿದ್ದ ಸೀಮೆ ಈಗ ಅಪಭ್ರಂಶದ ಸೀಮೆ ಎನಿಸಿಕೊಂಡದ್ದು ಅಲ್ಲಿನ ಜನರ ನಾಲಿಗೆ ಕೆಟ್ಟಿದ್ದರಿಂದಲ್ಲ. ರಾಜಧಾನಿಗಳು ಸರಿದವು. ಗದಗ ಮುಂಬಯಿ ಪ್ರಾಂತಕ್ಕೆ ಸೇರಿತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಕಚೇರಿಯ ಮಾತು ಮರಾಠಿಯಾಯಿತು. 1956ರಲ್ಲಿ ನಾಡು ಒಂದಾದಾಗ ಪಠ್ಯಪುಸ್ತಕ, ಸರಕಾರಿ ಕಡತ, ಪತ್ರಿಕೆ ಇವೆಲ್ಲ ಮೈಸೂರು-ಬೆಂಗಳೂರಿನ ಶಿಷ್ಟ ರೂಪವನ್ನು ತಳಹದಿ ಮಾಡಿಕೊಂಡವು. ಪ್ರಮಾಣಭಾಷೆ ಅಧಿಕಾರದ ಬೆನ್ನು ಹತ್ತಿ ಹೋಗುತ್ತದೆ. ಗದಗಿನಲ್ಲಿ ಅದು ಒಂದು ಕಾಲಕ್ಕೆ ಇತ್ತು, ಈಗ ಬೇರೆ ಕಡೆ ಇದೆ. ಹಾಗೆಂದು ಪುಲಿಗೆರೆಯ ಕನ್ನಡವೇ ಶುದ್ಧ, ಮಿಕ್ಕದ್ದೆಲ್ಲ ಕಲಬೆರಕೆ ಎಂದು ಸಾಧಿಸಲು ನಾನು ಹೊರಟಿಲ್ಲ. ಅದು ಇದೇ ರೋಗವನ್ನು ಮಗ್ಗಲು ಬದಲಿಸಿ ಮಲಗಿಸಿದಂತೆ. ಕವಿರಾಜಮಾರ್ಗಕಾರನೇ ಕನ್ನಡದಲ್ಲಿ ದೇಸಿಗಳು ಎಷ್ಟು ಬೇರೆಬೇರೆ ಎಂದರೆ ಇದು ತಪ್ಪು ಇದು ಸರಿ ಎಂದು ಎಣಿಸಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಎನ್ನುತ್ತಾನೆ. ಸಾವಿರದ ನೂರು ವರ್ಷಗಳ ಹಿಂದೆ ಒಬ್ಬ ಲಾಕ್ಷಣಿಕನಿಗೆ ಕಂಡ ಈ ಸತ್ಯ ಇಂದಿನ ತಂತ್ರಾಂಶ ಬರೆಯುವವರಿಗೂ ಕಾಣಬೇಕು.

ಈಗ ವ್ಯಾಕರಣಕ್ಕೆ ಬರೋಣ, ಏಕೆಂದರೆ ‘ಹಳ್ಳಿ ಮಾತಿಗೆ ನಿಯಮವಿಲ್ಲ, ಅದಕ್ಕೇ ಯಂತ್ರಕ್ಕೆ ಕಷ್ಟ’ ಎಂಬ ವಾದ ಮೇಲುನೋಟಕ್ಕೆ ವೈಜ್ಞಾನಿಕವಾಗಿ ಕಾಣುತ್ತದೆ. ಗದಗಿನವರು ಪೇಟೆಗೆ ಪ್ಯಾಟಿ ಎನ್ನುತ್ತಾರೆ, ಬೇಳೆಗೆ ಬ್ಯಾಳಿ, ಗೋಡೆಗೆ ಗ್ವಾಡಿ, ಜೋಳಕ್ಕೆ ಜ್ವಾಳ, ದೇವರಿಗೆ ದ್ಯಾವರು. ಆದರೆ ಕೋಳಿಗೆ ಕ್ವಾಳಿ ಎನ್ನುವುದಿಲ್ಲ. ಬೇರಿಗೆ ಬ್ಯಾರು ಎನ್ನುವುದಿಲ್ಲ, ತೇರಿಗೆ ತ್ಯಾರು ಎನ್ನುವುದಿಲ್ಲ. ಬೇಡ ಎಂಬುದು ಬ್ಯಾಡ ಆಗುತ್ತದೆ, ಬೇಡು ಎಂಬುದು ಬೇಡು ಆಗಿಯೇ ಉಳಿಯುತ್ತದೆ. ಕಾರಣ ಸರಳವಾಗಿದೆ. ಏ, ಓ ಸ್ವರಗಳ ಮುಂದಿನ ಅಕ್ಷರದಲ್ಲಿ ಅ ಅಥವಾ ಎ ಇದ್ದರೆ ಬಾಯಿ ಅಗಲವಾಗಿ ತೆರೆಯುತ್ತದೆ, ಇ ಅಥವಾ ಉ ಇದ್ದರೆ ತೆರೆಯುವುದಿಲ್ಲ. ಈ ತೆರೆಯುವಿಕೆ ದಕ್ಷಿಣದ ಹಳ್ಳಿಗಳಲ್ಲೂ ಉಂಟು, ಅವರ ಪ್ಯಾಟೆ ನಮ್ಮ ಪ್ಯಾಟಿಯ ತಂಗಿ. ಇಲ್ಲಿ ಅದರ ಮೇಲೆ ಇನ್ನೊಂದು ನಿಯಮ ಕೂತಿದೆ: ಪದದ ಕೊನೆಯ ಎ ಇಲ್ಲಿ ಇ ಆಗುತ್ತದೆ, ಮನೆ ಮನಿ, ಕತೆ ಕತಿ, ಎಲೆ ಎಲಿ. ಈಗ ಪ್ಯಾಟಿಯನ್ನೂ ಕೋಳಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡೂ ಇ ಯಿಂದ ಮುಗಿಯುತ್ತವೆ. ಆದರೂ ಒಂದರಲ್ಲಿ ಬಾಯಿ ತೆರೆದಿದೆ, ಇನ್ನೊಂದರಲ್ಲಿ ಇಲ್ಲ. ಪ್ಯಾಟಿಯ ಕೊನೆಯಲ್ಲಿ ಮೊದಲು ಎ ಇತ್ತು, ಕೋಳಿಯ ಕೊನೆಯಲ್ಲಿ ಎಂದಿನಿಂದಲೂ ಇ ಇತ್ತು ಎಂಬ ಚರಿತ್ರೆಯನ್ನು ಶಾಲೆಯ ಮುಖ ನೋಡದ ಮುಂಡರಗಿಯ ಅಜ್ಜಿಯ ನಾಲಿಗೆ ಒಂದು ಸಲವೂ ತಪ್ಪದೆ ಕಾಯ್ದುಕೊಂಡು ಬಂದಿದೆ. ಇದನ್ನು ಅಡ್ಡಾದಿಡ್ಡಿ ಮಾತು ಎನ್ನುವವರು ಕಿವಿಗೊಟ್ಟು ಕೇಳಿಲ್ಲ.

ಕ್ರಿಯಾಪದದ ಕಥೆಯೂ ಹೀಗೆಯೇ. ಮಾಡಾಕತ್ತೀನಿ, ಮಾಡಾಕತ್ತೀವಿ, ಮಾಡಾಕತ್ತಾನ, ಮಾಡಾಕತ್ತಾಳ, ಮಾಡಾಕತ್ತಾರ, ಮಾಡಾಕತ್ತೈತಿ. ಇದು ಮಾಡಲಿಕ್ಕೆ ಎಂಬುದಕ್ಕೆ ಹತ್ತು ಎಂಬ ಕ್ರಿಯೆ ಕೂಡಿ ಆದ ರೂಪ. ಅದರ ಹಿಂದೆ ಹಳಗನ್ನಡದ ಮಾಡಲ್ಕೆ ಇದೆ. ಒಂದು ಧಾತು ಗೊತ್ತಾದರೆ ಉಳಿದದ್ದೆಲ್ಲ ಲೆಕ್ಕದ ಹಾಗೆ ಬರುತ್ತದೆ. ಮನ್ಯಾಗ, ಹೊಲದಾಗ ಎಂಬಲ್ಲಿರುವ ‘ಆಗ’ ಎಂಬುದು ‘ಒಳಗ’ದ ಸವೆದ ರೂಪ. ಹಳಗನ್ನಡದ ಸಪ್ತಮಿ ಪ್ರತ್ಯಯ ‘ಒಳ್’ ಎಂಬುದನ್ನು ಹೈಸ್ಕೂಲಿನಲ್ಲಿ ಓದಿದವರೆಲ್ಲ ಬಲ್ಲರು. ಶಿಷ್ಟ ಕನ್ನಡ ಆ ಜಾಗಕ್ಕೆ ‘ಅಲ್ಲಿ’ಯನ್ನು ತಂದುಕೊಂಡಿತು, ಗದಗಿನ ಮಾತು ಹಳೆಯ ಬಳ್ಳಿಯನ್ನೇ ಹಿಡಿದುಕೊಂಡಿದೆ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು 2000ದಲ್ಲಿ ಪುಸ್ತಕ ಬರೆದು ವಾದಿಸಿದ್ದು, ಸಂಸ್ಕೃತದ ಅಚ್ಚಿಗೆ ಎರೆದ ವ್ಯಾಕರಣದಿಂದ ಜೀವಂತ ಕನ್ನಡ ಕಾಣುವುದಿಲ್ಲ ಎಂದು. ಪುಣೆಯ ಡೆಕ್ಕನ್ ಕಾಲೇಜಿನಿಂದ ನಂಜನಗೂಡು, ಗುಲ್ಬರ್ಗ, ಕೊಡಗಿನ ಕನ್ನಡಗಳ ಮೇಲೆ ಒಂದೊಂದು ಗ್ರಂಥವೇ ಬಂದಿದೆ. ಆಡುಮಾತಿಗೆ ವ್ಯಾಕರಣವಿದೆ ಎಂದು ವಿದ್ವಾಂಸರು ಅರ್ಧ ಶತಮಾನದ ಹಿಂದೆಯೇ ಅಚ್ಚು ಹಾಕಿಸಿಟ್ಟಿದ್ದಾರೆ. ಇಷ್ಟು ಕ್ರಮಬದ್ಧವಾದ ಮಾತನ್ನು ಕಲಿಯಲಾರದ ಯಂತ್ರವನ್ನು ಬುದ್ಧಿಯುಳ್ಳದ್ದು ಎಂದು ಕರೆಯುವುದು ನಿಲ್ಲಬೇಕು.

ಯಂತ್ರ ಎಡವುವುದು ಏಕೆ ಎಂದರೆ, ಅದರ ಕಲಿಕೆಯ ಬಗೆಯನ್ನು ನೋಡಬೇಕು. ಮಾತನ್ನು ಬರಹಕ್ಕೆ ಇಳಿಸುವ ತಂತ್ರಾಂಶ ದನಿಯನ್ನು ಸಾಮಾನ್ಯವಾಗಿ ಒಂದು ಸೆಕೆಂಡಿನ ನಲವತ್ತನೆಯ ಒಂದು ಭಾಗದಷ್ಟು ಸಣ್ಣ ಸಣ್ಣ ಹೋಳುಗಳಾಗಿ ನೋಡುತ್ತದೆ. ಯಾವ ಹೋಳು ಯಾವ ಅಕ್ಷರಕ್ಕೆ ಹೊಂದುತ್ತದೆ ಎಂಬುದನ್ನು ಅದು ಮೊದಲೇ ಕೇಳಿಸಿಕೊಂಡ ಸಾವಿರಾರು ಗಂಟೆಗಳ ಧ್ವನಿಮುದ್ರಣದಿಂದ ಕಲಿತಿರುತ್ತದೆ. ಆಮೇಲೆ ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ತೂಗುತ್ತದೆ, ಆ ತೂಕ ಅದು ಓದಿದ ಬರಹದಿಂದ ಬಂದದ್ದು. ಓದಿಸಿದ್ದು ಪತ್ರಿಕೆ, ವಿಕಿಪೀಡಿಯ, ಸರಕಾರಿ ಪ್ರಕಟಣೆ. ಕೇಳಿಸಿದ್ದು ವಾರ್ತೆ ಓದುವವರ ದನಿ. ಅಂಥ ಯಂತ್ರಕ್ಕೆ ‘ಮಾಡಾಕತ್ತೀನಿ’ ಎಂಬ ಪದದ ತೂಕ ಸೊನ್ನೆಯ ಹತ್ತಿರ. ಅದು ತನಗೆ ಗೊತ್ತಿರುವ, ದನಿಯಲ್ಲಿ ಸ್ವಲ್ಪ ಹೋಲುವ ಬೇರೊಂದು ಪದಕ್ಕೆ ಜಾರುತ್ತದೆ. ಇಲ್ಲಿ ತಿಳಿವಳಿಕೆಯ ಪ್ರಶ್ನೆಯೇ ಇಲ್ಲ, ಇರುವುದು ಎಣಿಕೆ. ಅಮೆರಿಕದ ಸಂಶೋಧಕರು 2020ರಲ್ಲಿ ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದೂ ಕಂಪನಿಗಳ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿಯರ ಮಾತಿನಲ್ಲಿ ನೂರಕ್ಕೆ ಸರಾಸರಿ 19 ಪದ ತಪ್ಪಿದರೆ ಕಪ್ಪು ಜನರ ಮಾತಿನಲ್ಲಿ 35 ತಪ್ಪಿದವು. ಎಲ್ಲರದೂ ಇಂಗ್ಲಿಷೇ, ಎಲ್ಲರದೂ ಅದೇ ದೇಶ. ಕಪ್ಪು ಜನರ ದನಿಯನ್ನು ಸಾಕಷ್ಟು ಕೇಳಿಸಿರಲಿಲ್ಲ ಎಂಬುದೇ ಸಂಶೋಧಕರು ಕಂಡ ಮುಖ್ಯ ಕಾರಣ. ಅವರು ಕಪ್ಪು ಜನರಿಗೆ ಉಚ್ಚಾರ ತಿದ್ದಿಕೊಳ್ಳಿ ಎಂದು ಹೇಳಲಿಲ್ಲ. ನಾವು ನಮ್ಮ ಹಿರಿಯರಿಗೆ ಹೇಳುತ್ತಿದ್ದೇವೆ.

‘ತಾಳ್ಮೆ ಇರಲಿ, ಯಂತ್ರ ತಾನಾಗಿ ಕಲಿಯುತ್ತದೆ’ ಎನ್ನುವವರಿದ್ದಾರೆ. ಇದೇ ನನಗೆ ಎಲ್ಲಕ್ಕಿಂತ ಅಪಾಯದ ಮಾತಾಗಿ ಕಾಣುತ್ತದೆ, ಏಕೆಂದರೆ ಮೇಲೆ ಹೇಳಿದ ಅಭಿಪ್ರಾಯ ಗಟ್ಟಿಯಾಗಿರುವ ತನಕ ಯಂತ್ರ ಕಲಿಯುವ ದಾರಿಯೇ ಮುಚ್ಚಿರುತ್ತದೆ. ಬೆಟಗೇರಿಯ ನೇಕಾರ ಫೋನಿನ ಮುಂದೆ ನಾಲಿಗೆ ಬಿಗಿಹಿಡಿದು ‘ಈರುಳ್ಳಿ ದರ ಎಷ್ಟಿದೆ’ ಎನ್ನುತ್ತಾನೆ. ಯಂತ್ರಕ್ಕೆ ಅರ್ಥವಾಗುತ್ತದೆ. ಅದರ ಲೆಕ್ಕದಲ್ಲಿ ಏನು ದಾಖಲಾಯಿತು? ಬೆಟಗೇರಿಯವರು ಈರುಳ್ಳಿ ಎನ್ನುತ್ತಾರೆ ಎಂದು. ಅವನಷ್ಟು ಶಿಷ್ಟ ಕನ್ನಡ ಬಾರದ ಅವನ ತಾಯಿ ಎರಡು ಸಲ ಸೋತು ಫೋನನ್ನೇ ಮಗನ ಕೈಗೆ ಕೊಟ್ಟುಬಿಡುತ್ತಾಳೆ. ಆಕೆಯ ಸೋಲು ಯಾವ ಲೆಕ್ಕಕ್ಕೂ ಬರುವುದಿಲ್ಲ. ಓದಿದ ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿ ಮುಗಿಸುತ್ತಾಳೆ. ಗದಗಿನಲ್ಲಿ ಇಂಗ್ಲಿಷ್ ಸಾಕು ಎಂದು ಇನ್ನೊಂದು ಗೆರೆ ಬೀಳುತ್ತದೆ. ಹೀಗೆ ನಾಚಿಕೆ ಅಂಕಿಸಂಖ್ಯೆಯನ್ನು ಸುಳ್ಳು ಮಾಡುತ್ತದೆ, ಸುಳ್ಳಾದ ಅಂಕಿಸಂಖ್ಯೆ ಮುಂದಿನ ಯಂತ್ರವನ್ನು ಇನ್ನಷ್ಟು ಕಿವುಡು ಮಾಡುತ್ತದೆ, ಆ ಕಿವುಡು ನಾಚಿಕೆಯನ್ನು ಬೆಳೆಸುತ್ತದೆ. ಗಾಣದ ಎತ್ತಿನ ಸುತ್ತು ಇದು, ಯಾರಾದರೂ ನೊಗ ಬಿಚ್ಚುವ ತನಕ ನಿಲ್ಲುವುದಿಲ್ಲ.

ಇದರಲ್ಲಿ ಕಳೆದುಕೊಳ್ಳುವವರು ಯಾರು ಎಂದು ನೋಡಿದರೆ, ಮಾತಿನ ಯಂತ್ರ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ. ಓದುಬರಹ ಬಲ್ಲವನಿಗೆ ಅದು ಅನುಕೂಲ ಮಾತ್ರ, ಟೈಪ್ ಮಾಡಿಯಾನು. ಹೊಲದಾಗ ನಿಂತ ರೈತನಿಗೆ, ಅಕ್ಷರ ಬಾರದ ಹೆಣ್ಣುಮಗಳಿಗೆ, ಕಣ್ಣಿಲ್ಲದವರಿಗೆ ಅದೇ ಬಾಗಿಲು. ಗದಗಿನ ಸೀಮೆ ಮುಂಗಾರಿಯಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ, ಗೋವಿನಜೋಳ ಬೆಳೆಯುತ್ತದೆ. ಹಿಂಗಾರಿಯಲ್ಲಿ ಎರಿ ಭೂಮಿಯ ಬಿಳಿಜ್ವಾಳ, ಕಡ್ಲಿ, ಕುಸುಬಿ. ಶೇಂಗಾವನ್ನು ದಕ್ಷಿಣದವರು ಕಡಲೆಕಾಯಿ ಎನ್ನುತ್ತಾರೆ, ಗೋವಿನಜೋಳವನ್ನು ಮುಸುಕಿನಜೋಳ ಎನ್ನುತ್ತಾರೆ. ಮಳೆಯ ಹೆಸರೂ ಬೇರೆ, ಮೃಗಶಿರಾ ಮಳೆ ಇಲ್ಲಿ ಮಿರ್ಗಾ. ಎರಿ ಯಾವುದು ಮಸಾರಿ ಯಾವುದು ಎಂದು ತಿಳಿಯದ ಯಂತ್ರ ಬಿತ್ತನೆಯ ಸಲಹೆ ಕೊಟ್ಟರೆ, ಕಪ್ಪು ನೆಲಕ್ಕೆ ಹೇಳಬೇಕಾದದ್ದನ್ನು ಕೆಂಪು ನೆಲಕ್ಕೆ ಹೇಳೀತು. ಇನ್ನು ವೀರೇಶ್ವರ ಪುಣ್ಯಾಶ್ರಮದ ಊರು ಇದು. ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ 2010ರ ತನಕ ಪುಟ್ಟರಾಜ ಗವಾಯಿಗಳು, ತಾವೇ ಕಣ್ಣಿಲ್ಲದವರಾಗಿ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಸಂಗೀತ, ಸ್ವಾಭಿಮಾನ ಕೊಟ್ಟರು. ಕಿವಿಯಿಂದ ಜಗತ್ತನ್ನು ಕಟ್ಟಿಕೊಳ್ಳಬಹುದು ಎಂದು ಗದಗ ಇಡೀ ನಾಡಿಗೆ ತೋರಿಸಿದೆ. ಇವತ್ತು ಅಂಥ ಮಗುವಿಗೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ ಇದೆ. ಆದರೆ ಅದು ಯುನಿಕೋಡಿನಲ್ಲಿರುವ ಕನ್ನಡವನ್ನು ಮಾತ್ರ ಓದುತ್ತದೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಎದುರಾದರೆ ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು ಉಚ್ಚರಿಸುತ್ತದೆ. ಕನ್ನಡಕ್ಕೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಮೂವತ್ತು ವರ್ಷ ದಾಟಿದರೂ ಹಳೆಯ ಫಾಂಟಿನ ಬಳಕೆ ನಿಂತಿಲ್ಲ. ಯಂತ್ರದ ಬಾಯಿಯ ವಿಷಯದಲ್ಲಿ ಮಾಡಿದ ಈ ಉದಾಸೀನವನ್ನೇ ಈಗ ಅದರ ಕಿವಿಯ ವಿಷಯದಲ್ಲೂ ಮಾಡುತ್ತಿದ್ದೇವೆ.

ಎದುರು ವಾದಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಎಲ್ಲ ಜಿಲ್ಲೆಗಳಿಗೂ ತಿಳಿಯುವ ಒಂದು ಪ್ರಮಾಣಭಾಷೆ ಬೇಡವೇ, ನ್ಯಾಯಾಲಯ, ಪಠ್ಯ, ವಿಜ್ಞಾನ ಇವೆಲ್ಲ ಯಾವ ಕನ್ನಡದಲ್ಲಿ ನಡೆಯಬೇಕು ಎಂದು ಕೇಳುತ್ತಾರೆ. ಬೇಕು. ಈ ಲೇಖನವೂ ಅದೇ ಕನ್ನಡದಲ್ಲಿದೆ, ಶಿರಹಟ್ಟಿಯ ಮಗು ಅದನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಬರೆಯುವ ಕೆಲಸವೇ ಬೇರೆ, ಕೇಳಿಸಿಕೊಳ್ಳುವ ಕೆಲಸವೇ ಬೇರೆ. ತಾಲ್ಲೂಕು ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವನನ್ನು ನೆನೆಯಿರಿ. ಎದುರಿಗೆ ಕೂತವರು ‘ಮನ್ಯಾಗ ಯಾರೂ ದುಡ್ಯಾವ್ರಿಲ್ರೀ’ ಎನ್ನುತ್ತಾರೆ, ಅವನು ‘ಮನೆಯಲ್ಲಿ ದುಡಿಯುವವರು ಯಾರೂ ಇಲ್ಲ’ ಎಂದು ಬರೆಯುತ್ತಾನೆ. ಮೊದಲು ನಿಮ್ಮ ಭಾಷೆ ತಿದ್ದಿಕೊಂಡು ಬನ್ನಿ ಎಂದು ಅವನು ಹೇಳಿದರೆ ಮರುದಿನ ಅವನ ಮುಂದೆ ಯಾರೂ ಕೂರುವುದಿಲ್ಲ. ಮಾತಿನ ಯಂತ್ರ ಕೂತಿರುವುದು ಈ ಅರ್ಜಿ ಬರೆಯುವವನ ಜಾಗದಲ್ಲಿ. ಅದಕ್ಕೆ ನಾವು ಮೇಷ್ಟರ ಬೆತ್ತ ಕೊಟ್ಟಿದ್ದೇವೆ. ಮರಾಠಿ ಬೆರೆತದ್ದರಿಂದ ಇದು ಅಶುದ್ಧ ಎನ್ನುವ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ: ಜಮೀನು, ಅರ್ಜಿ, ದಾಖಲೆ, ವಕೀಲ ಎಲ್ಲವನ್ನೂ ಪಾರಸಿ ಅರಬ್ಬಿಗಳಿಂದ ತಂದುಕೊಂಡ ಶಿಷ್ಟ ಕನ್ನಡ ನಮ್ಮ ಲಗೂನ, ಬರೋಬರಿಗಳತ್ತ ಬೆರಳು ತೋರಿಸಲಾಗದು.

ಒಂದೊಂದು ಜಿಲ್ಲೆಗೂ ಒಂದೊಂದು ಯಂತ್ರ ಮಾಡುತ್ತ ಕೂರಲು ದುಡ್ಡು ಎಲ್ಲಿದೆ, ಮಾರುಕಟ್ಟೆ ಎಲ್ಲಿದೆ ಎಂಬುದು ಇನ್ನೊಂದು ವಾದ. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಜನಸಂಖ್ಯೆ 10 ಲಕ್ಷ 64 ಸಾವಿರ. ಐಸ್‌ಲೆಂಡ್ ಇಡೀ ದೇಶದಲ್ಲಿ ನಾಲ್ಕು ಲಕ್ಷದ ಆಸುಪಾಸು ಜನ. ಆ ದೇಶದ ಸರಕಾರ ತನ್ನ ನುಡಿ ಯಂತ್ರಗಳಿಗೆ ತಿಳಿಯದೆ ಹೋದರೆ ಅದು ಮಕ್ಕಳ ಬಾಯಿಂದಲೇ ಹೋದೀತು ಎಂದು ಹೆದರಿ, 2023ರಲ್ಲಿ ಓಪನ್ ಎಐ ಕಂಪನಿಯ ಜೊತೆ ಕೂತು ಜಿಪಿಟಿ-4ಕ್ಕೆ ಐಸ್‌ಲೆಂಡಿನ ಭಾಷೆ ಕಲಿಸುವ ಕೆಲಸ ಹಿಡಿಯಿತು. ಗದಗಿನ ಮಾತು ಗದಗಿಗಷ್ಟೇ ಸೇರಿದ್ದೂ ಅಲ್ಲ. ಧಾರವಾಡ, ಹಾವೇರಿ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಬೆಳಗಾವಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸದಿಂದ ಇದೇ ಮಾತು ಹರಡಿದೆ. ಬೇರೆ ಯಂತ್ರವೂ ಬೇಕಿಲ್ಲ, ಇರುವ ಯಂತ್ರಕ್ಕೆ ಈ ದನಿಗಳನ್ನೂ ಕೇಳಿಸಿದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆಯ ಗುರಿಯೇ ದೇಶದ 773 ಜಿಲ್ಲೆಗಳ ಮಾತನ್ನು ಸಂಗ್ರಹಿಸುವುದು. ಭಾಷೆಯ ಹೆಸರಿನ ಬದಲು ಜಿಲ್ಲೆಯನ್ನು ಅಳತೆಗೋಲು ಮಾಡಿಕೊಂಡ ಆ ಯೋಚನೆ ಸರಿಯಾದದ್ದು. ಭಾರತೀಯ ಭಾಷೆಗಳ ತಂತ್ರಾಂಶಕ್ಕಾಗಿ ಕೇಂದ್ರ ಸರಕಾರ ಹಾಕಿಕೊಂಡ ‘ಭಾಷಿಣಿ’ ಯೋಜನೆ 2022ರಿಂದ ನಡೆದಿದೆ. ಕೆಲಸ ಅಸಾಧ್ಯ ಎಂಬ ನೆಪ ಇನ್ನು ಉಳಿದಿಲ್ಲ.

ಆಡುಮಾತಿಗೆ ಬರಹದ ಕಟ್ಟಿಲ್ಲ, ಒಬ್ಬ ಮಾಡಾಕತ್ತೀನಿ ಎಂದು ಬರೆದರೆ ಇನ್ನೊಬ್ಬ ಮಾಡಾಕ ಹತ್ತೇನಿ ಎಂದು ಬರೆದಾನು ಎಂಬ ತಾಂತ್ರಿಕ ತೊಡಕು ನಿಜವಾದದ್ದೇ. ಆದರೆ ಬೇಂದ್ರೆಯವರು ಈ ಮಾತಿನಲ್ಲಿ ಒಂದು ಜೀವಮಾನದ ಕಾವ್ಯ ಬರೆದು ಜ್ಞಾನಪೀಠ ಪಡೆದರು, ಚಂದ್ರಶೇಖರ ಕಂಬಾರರು ಇದೇ ಸೀಮೆಯ ಮಾತಿನಲ್ಲಿ ನಾಟಕ ಕಟ್ಟಿದರು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ರೈತರಿಗಾಗಿ ಈ ಕಡೆಯ ಮಾತಿನಲ್ಲೇ ಕಾರ್ಯಕ್ರಮ ಮಾಡುತ್ತ ಬಂದಿದೆ. ಬರಹದ ಮಾದರಿ ಬೇಕಾದವರಿಗೆ ಪುಸ್ತಕಗಳಿವೆ, ದನಿಯ ಮಾದರಿ ಬೇಕಾದವರಿಗೆ ಬಾನುಲಿ ಇದೆ. ಎರಡು ಬರಹರೂಪಗಳನ್ನು ಒಂದೇ ಪದವೆಂದು ಗುರುತಿಸುವುದು ಈಗಿನ ಯಂತ್ರಗಳಿಗೆ ಕಷ್ಟದ ಲೆಕ್ಕವಲ್ಲ.

ನಾನು ಗೌರವದಿಂದ ಎದುರುಗೊಳ್ಳುವ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ನಮ್ಮ ದನಿಯನ್ನೆಲ್ಲ ಯಂತ್ರಕ್ಕೆ ಉಣಿಸಿ ದೊಡ್ಡ ಕಂಪನಿಗಳ ಕಣಜ ಯಾಕೆ ತುಂಬಬೇಕು, ಯಂತ್ರಕ್ಕೆ ನಮ್ಮ ಮಾತು ತಿಳಿಯದಿರುವುದೇ ಒಂದು ರಕ್ಷಣೆಯಲ್ಲವೇ ಎಂದು ಕೇಳುವವರಿದ್ದಾರೆ. ಅವರ ಭಯ ನ್ಯಾಯವಾದದ್ದು. ಪುಕ್ಕಟೆ ಸಿಗುವ ದನಿಯಿಂದ ಬೇರೆಯವರು ಹಣ ಮಾಡಿಕೊಳ್ಳುವುದು ಸುಲಿಗೆಯೇ. ಆದರೆ ಅದಕ್ಕೆ ಮದ್ದು ಮೌನವಲ್ಲ, ಒಡೆತನ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಮಾತನ್ನು ಮುದ್ರಿಸಿಕೊಂಡು, ಮಾತು ಕೊಟ್ಟವರಿಗೆ ಕೂಲಿ ಕೊಡುತ್ತದೆ. ಆ ಸಂಗ್ರಹ ಮರುಮಾರಾಟವಾದರೆ ಅದರಲ್ಲೂ ಅವರಿಗೆ ಪಾಲು ಸಲ್ಲಬೇಕು ಎಂಬುದು ಅದರ ಕ್ರಮ. ಗದಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಲ್ಲದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಒಬ್ಬೊಬ್ಬರಾಗಿ ಸಾಹುಕಾರರ ಮುಂದೆ ಕೈಯೊಡ್ಡುವ ಬದಲು ಹತ್ತಾರು ರೈತರು ತಮ್ಮ ರೊಕ್ಕವನ್ನು ಕೂಡಿಟ್ಟು ತಾವೇ ಒಡೆಯರಾಗಬಹುದು ಎಂದು ಆ ಹಳ್ಳಿ ತೋರಿಸಿತು. ದನಿಯನ್ನೂ ಹಾಗೆಯೇ ಕೂಡಿಡಬಹುದು. ಹತ್ತು ಸಾವಿರ ಜನ ತಲಾ ಅರ್ಧ ಗಂಟೆ ಮಾತಾಡಿದರೆ ಐದು ಸಾವಿರ ಗಂಟೆಯ ಭಂಡಾರ. ಅದರ ಹಕ್ಕು ಸಂಘದ್ದಾಗಿರಲಿ. ಕೊಳ್ಳಬಂದ ಕಂಪನಿ ಬೆಲೆ ಕೊಟ್ಟು ಕೊಳ್ಳಲಿ, ಶಾಲೆಗೆ, ಆಸ್ಪತ್ರೆಗೆ, ಪುಣ್ಯಾಶ್ರಮದಂಥ ಕಡೆಗಳಿಗೆ ಪುಕ್ಕಟೆ ಸಿಗಲಿ.

ಇದಕ್ಕೆ ಬೇಕಾದ ಸಂಸ್ಥೆಗಳು ಕಣ್ಣಳತೆಯಲ್ಲೇ ಇವೆ. ಗದಗಿನಲ್ಲಿ 2016ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಹಳ್ಳಿಯ ಮಾತನ್ನು ಮುದ್ರಿಸುವುದಕ್ಕಿಂತ ಗ್ರಾಮೀಣವಾದ ಕೆಲಸ ಅದಕ್ಕೆ ಯಾವುದಿದೆ? ಪಕ್ಕದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಇವೆರಡೂ ಕೂಡಿ ಒಂದು ವರ್ಷ ಊರೂರು ತಿರುಗಿದರೆ ಲಕ್ಷ್ಮೇಶ್ವರದ ಸಂತೆಯ ಮಾತು, ಬೆಟಗೇರಿಯ ಮಗ್ಗದ ಹಾಸು-ಹೊಕ್ಕಿನ ಮಾತು, ಮುಂಡರಗಿಯ ಕಡೆ ತುಂಗಭದ್ರೆಯ ದಂಡೆಯ ಹೊಲಗಳ ಮಾತು ಎಲ್ಲವೂ ದಾಖಲಾಗುತ್ತವೆ. ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುವ ತರುಣರಲ್ಲೂ ಒಂದು ಬೇಡಿಕೆ ಇದೆ. ನಿಮ್ಮ ಮುಂದಿನ ಕಥೆಯ ಯಂತ್ರ ಶಿರಹಟ್ಟಿಯ ಮಾತಾಡಲಿ, ಅದು ನಗಿಸುವುದಕ್ಕಾಗಿ ಬೇಡ, ನಕ್ಷತ್ರದ ದೂರವನ್ನು ಲೆಕ್ಕ ಹಾಕುವುದಕ್ಕಾಗಿ. ಇನ್ನು ಓದುಗರಲ್ಲಿ ನಾನು ಕೇಳಿಕೊಳ್ಳುವುದು ತೀರ ಸಣ್ಣದು. ಮನೆಯ ಹಿರಿಯರು ಫೋನಿನ ಮುಂದೆ ಮಾತಾಡುವಾಗ ಅವರ ನಾಲಿಗೆಯನ್ನು ತಿದ್ದಬೇಡಿ. ಅವರು ಅಂದದ್ದನ್ನು ಯಂತ್ರ ತಪ್ಪಾಗಿ ಬರೆದರೆ ಅದೇ ಪರದೆಯ ಮೇಲೆ ಅಕ್ಷರ ತಿದ್ದಿ ‘ಉಳ್ಳಾಗಡ್ಡಿ’ ಎಂದೇ ಬರೆಯಿರಿ, ತಪ್ಪು ವರದಿ ಮಾಡುವ ಗುಂಡಿ ಇದ್ದರೆ ಒತ್ತಿರಿ, ನಾಳೆ ಮತ್ತೆ ಅದೇ ಮಾತಿನಲ್ಲಿ ಕೇಳಿಸಿರಿ.